ಸ್ವಂತ ಹಾಡಿಗೂ ಒಂದು ಜಾಗ ಬೇಕು

ಮ್ಯಾಂಚೆಸ್ಟರ್ ಪಕ್ಕದ ನಮ್ಮ ಸಣ್ಣ ಊರಿನಲ್ಲಿ ಹೊಸದೊಂದು ಮ್ಯೂಸಿಕ್ ಕ್ಲಬ್ ಶುರುವಾಗಿದೆ. ರೈಲ್ವೆ ಹಳಿಯ ಕೆಳಗಿನ ಕಮಾನಿನಲ್ಲಿ. ಹಿಂದೆ ಗ್ಯಾರೇಜ್ ಆಗಿತ್ತಂತೆ. ನೂರು ಜನ ನಿಂತರೆ ತುಂಬಿಹೋಗುತ್ತದೆ. ದಾವಣಗೆರೆಯ ಗೆಳೆಯನೊಬ್ಬನನ್ನು ಕರೆದುಕೊಂಡು ಮೊನ್ನೆ ಶುಕ್ರವಾರ ಹೋಗಿದ್ದೆ. ಎಂಟು ಪೌಂಡ್ ಟಿಕೆಟ್. ಬಾಗಿಲಲ್ಲಿ ಕೈಗೆ ಸೀಲು ಹಾಕಿ ಒಳಗೆ ಬಿಟ್ಟರು.

ಮೊದಲು ಹಾಡಿದ್ದು ಇದೇ ಊರಿನ ಹುಡುಗಿ. ಇಪ್ಪತ್ತರ ಆಸುಪಾಸು. ಒಂದು ಗಿಟಾರ್, ಅಷ್ಟೇ. ಅಜ್ಜಿಯ ಮನೆ ಮಾರಿದ್ದರ ಬಗ್ಗೆ ಅವಳೇ ಬರೆದ ಹಾಡು. ನಡುವೆ ಒಂದು ಸಾಲು ಮರೆತುಹೋಯಿತು. ನಿಲ್ಲಿಸಿದಳು, ತಂತಿ ಬಿಗಿ ಮಾಡಿಕೊಂಡಳು, ಮತ್ತೆ ಮೊದಲಿನಿಂದ ಹಾಡಿದಳು. ಯಾರೂ ಗುಸುಗುಸು ಅನ್ನಲಿಲ್ಲ. ಬಾರ್‌ನಲ್ಲಿದ್ದವನು ಗ್ಲಾಸಿಗೆ ಐಸ್ ಹಾಕುವುದನ್ನೂ ಬಿಟ್ಟು ನಿಂತಿದ್ದ. ಆಮೇಲೆ ಅವಳೇ ಮೂಲೆಯ ಟೇಬಲ್ಲಿಗೆ ಬಂದು ತನ್ನ ಹಾಡಿನ ಹೆಸರಿದ್ದ ಟೀ ಶರ್ಟ್ ಮಾರಿದಳು. ಕೊಳ್ಳುವವರ ಸಾಲು ಚೆನ್ನಾಗಿಯೇ ಇತ್ತು.

"ಇವರದ್ದು ಒಂದು ಹಾಡೂ ಗೊತ್ತಿಲ್ವಲ್ಲೋ, ಆದ್ರೂ ಇಷ್ಟೊತ್ತು ನಿಂತ್ಕೊಂಡು ಕೇಳಿದ್ವಿ" ಅಂದ ಗೆಳೆಯ. ಅಲ್ಲಿ ಬಂದಿದ್ದ ಹೆಚ್ಚಿನವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಹಾಡು ಕೇಳಲೆಂದೇ ಬಂದಿದ್ದರು.

ನಮ್ಮಲ್ಲಿ ಕೊರತೆ ಇರುವುದು ಇಲ್ಲೇ ಅಂತ ನನಗನಿಸುತ್ತದೆ. ಹಾಡುವವರಿಗೆ ಕರ್ನಾಟಕದಲ್ಲಿ ಬರವಿಲ್ಲ. ಗಣೇಶನ ಹಬ್ಬ ಬಂದರೆ ಬೀದಿಬೀದಿಯಲ್ಲಿ ಆರ್ಕೆಸ್ಟ್ರಾ. ರಾಜ್ಯೋತ್ಸವ ಬಂದರೆ ರಸಮಂಜರಿ. ಎಂಥೆಂಥ ಕಂಠಗಳು! ಕೀಬೋರ್ಡ್ ಹುಡುಗನಂತೂ ಯಾವ ಹಾಡು ಕೇಳಿದರೂ ಅದೇ ಶ್ರುತಿಯಲ್ಲಿ ಎತ್ತಿಕೊಡುತ್ತಾನೆ. ಆದರೆ ಹಾಡುವುದೆಲ್ಲಾ ಸಿನಿಮಾ ಹಾಡು. ಅವನೇ ಮಾಡಿದ ಒಂದು ರಾಗ ನುಡಿಸಿದರೆ, ಕೆಳಗಿನಿಂದ ಚೀಟಿ ಬರುತ್ತದೆ, ರಾಜ್‌ಕುಮಾರ್ ಹಾಡು ಹಾಡಿ ಅಂತ. ಪಬ್ಬಿಗೆ ಹೋದರೂ ಅಷ್ಟೇ. ಪಬ್ಬಿನಲ್ಲಿ ಇಂಗ್ಲಿಷಿನ ಹಳೇ ಹಾಡು, ಆರ್ಕೆಸ್ಟ್ರಾದಲ್ಲಿ ಕನ್ನಡದ ಹಳೇ ಹಾಡು. ಹೊಸದನ್ನು ಬರೆದ ಹುಡುಗ ಹುಡುಗಿ ಎಲ್ಲಿ ಹಾಡಬೇಕು? ಯೂಟ್ಯೂಬಿಗೆ ಹಾಕಬಹುದು, ನಿಜ. ಆದರೆ ಎದುರಿಗೆ ಕೂತವರ ಮುಖ ನೋಡಿ ಹಾಡು ತಿದ್ದಿಕೊಳ್ಳುವುದು ಅಲ್ಲಿ ಆಗುವುದಿಲ್ಲ.

ಕೇಳುವ ಕಿವಿ ನಮಗಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಕವಿತೆಗಳಿಗೆ ಹೊಸ ರಾಗ ಹಾಕಿದಾಗ ಜನ ಮನೆಮನೆಯಲ್ಲೂ ಹಾಡಿಕೊಂಡರು. ಬೆಂಗಳೂರು ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಛೇರಿ ನಡೆಸುತ್ತಿದೆ. ಕೋಟೆ ಹೈಸ್ಕೂಲ್ ಮೈದಾನದ ಆ ಚಪ್ಪರದಲ್ಲಿ ಅಜ್ಜ ಅಜ್ಜಿ, ತೊಡೆಯ ಮೇಲೆ ನಿದ್ದೆ ಹೋದ ಮಗು, ಆಫೀಸಿನಿಂದ ನೇರ ಬಂದವರು ಎಲ್ಲರೂ ಇರುತ್ತಾರೆ. ಮ್ಯಾಂಚೆಸ್ಟರ್ ಪಕ್ಕದ ನಮ್ಮ ಕ್ಲಬ್ಬಿಗೆ ಹದಿನೆಂಟು ತುಂಬದವರಿಗೆ ಪ್ರವೇಶ ಇಲ್ಲ. ಹಾಡು ಕಲಿಯುತ್ತಿರುವ ನನ್ನ ಮಗಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಈ ವಿಷಯದಲ್ಲಿ ಕರ್ನಾಟಕದ ಪದ್ಧತಿಯೇ ಮೇಲು. ಆದರೆ ನಮ್ಮ ಚಪ್ಪರದಲ್ಲಿ ತನಿ ಆವರ್ತನ, ಅಂದರೆ ಮೃದಂಗದವರು ತಾವೇ ನುಡಿಸುವ ಸರದಿ, ಶುರುವಾದ ಕೂಡಲೇ ಕಾಫಿಗೆ ಏಳುವವರನ್ನು ಕಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಮೃದಂಗದವರು ಅಷ್ಟು ಹೊತ್ತು ಕಾದಿರುವುದೇ ಅದಕ್ಕೆ ಅಲ್ವಾ?

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ 2012ರಿಂದ ಲೈವ್ ಮ್ಯೂಸಿಕ್ ಕಾಯಿದೆ ಇದೆ. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಸಂಗೀತ ನಡೆಸಲು ಬೇರೆ ಪರವಾನಗಿ ಬೇಡ. ಮೈಕ್ ಇದ್ದರೆ ಮೊದಲು 200 ಜನರ ಮಿತಿ ಇತ್ತು, 2015ರಲ್ಲಿ 500ಕ್ಕೆ ಏರಿಸಿದರು. ನಮ್ಮ ಬೆಂಗಳೂರಿನ 2005ರ ಪೊಲೀಸ್ ಆದೇಶ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೊಲೀಸರು ಲೈಸೆನ್ಸ್ ಕೇಳತೊಡಗಿದ ಮೇಲೆ ಎಷ್ಟೋ ಕಡೆ ಗಿಟಾರ್ ಸದ್ದೇ ನಿಂತಿತು. ಗಿಟಾರ್ ಹಿಡಿದು ಕೂತ ಹುಡುಗನಿಗೂ ಡಿಸ್ಕೊಗೂ ಒಂದೇ ನಿಯಮ ಯಾಕೆ?

ಅಕ್ಕಪಕ್ಕದವರ ಕಷ್ಟವೂ ಸುಳ್ಳಲ್ಲ. ಮನೆಯಲ್ಲಿ ಓದುವ ಮಕ್ಕಳು, ಹುಷಾರಿಲ್ಲದವರು ಇರುತ್ತಾರೆ. ಇಂದಿರಾನಗರದ ನಿವಾಸಿಗಳು ಗೇಟಿಗೆ ಅಡ್ಡ ನಿಲ್ಲುವ ಗಾಡಿ, ನಡುರಾತ್ರಿಯ ಗಲಾಟೆ ಬಗ್ಗೆ ದೂರಿದರೆ ತಪ್ಪೇನು? ಮ್ಯಾಂಚೆಸ್ಟರಿನಲ್ಲೂ ಇದೇ ಜಗಳ ಆಗಿದೆ. ಓಲ್ಡಮ್ ಸ್ಟ್ರೀಟಿನಲ್ಲಿ ಸಂಗೀತ ನಡೆಸುವ ನೈಟ್ ಅಂಡ್ ಡೇ ಕೆಫೆ 1991ರಿಂದ ಇದೆ. 2021ರಲ್ಲಿ ಅದಕ್ಕೆ ಶಬ್ದದ ನೋಟಿಸ್ ಬಂತು. 2024ರಲ್ಲಿ ಕೋರ್ಟು ತಡರಾತ್ರಿಯ ಡಿಜೆ ಸದ್ದು ಇಳಿಸಿ ಅಂತ ಹೇಳಿತು. ಹೊಸ ಹುಡುಗರ ಸಂಗೀತ ಮುಂದುವರಿಯಿತು. ಇನ್ನೂ ಒಂದಿದೆ. ಹಳೆಯ ಕ್ಲಬ್ಬಿನ ಪಕ್ಕ ಹೊಸ ಅಪಾರ್ಟ್‌ಮೆಂಟ್ ಕಟ್ಟಿದರೆ, ಸದ್ದು ಮನೆಯೊಳಗೆ ಬಾರದಂತೆ ನೋಡಿಕೊಳ್ಳುವುದು ಕಟ್ಟುವವರ ಹೊಣೆ. 2018ರಲ್ಲಿ ಇದನ್ನು ಇಂಗ್ಲೆಂಡಿನ ಯೋಜನಾ ನೀತಿಯಲ್ಲೇ ಸೇರಿಸಿದರು. ದಿನಕ್ಕೊಂದು ಕಟ್ಟಡ ಏಳುವ ಬೆಂಗಳೂರಿಗೆ ಇದು ಇನ್ನೂ ಜಾಸ್ತಿ ಬೇಕು.

ಇಷ್ಟಿದ್ದೂ ಇಂಗ್ಲೆಂಡಿನಲ್ಲಿ ಸಣ್ಣ ಕ್ಲಬ್ಬುಗಳು ಬಾಡಿಗೆ ಕಟ್ಟಲಾಗದೆ ಮುಚ್ಚುತ್ತಿವೆ. ಅದಕ್ಕೂ ಜನ ಒಂದು ದಾರಿ ಹುಡುಕಿದ್ದಾರೆ. ಮ್ಯಾಂಚೆಸ್ಟರ್ ಹತ್ತಿರದ ಆಥರ್ಟನ್‌ನಲ್ಲಿ ಸ್ನಗ್ ಅನ್ನುವ ಸಣ್ಣ ಕಾಫಿ ಅಂಗಡಿ ಇದೆ. ಅಲ್ಲೇ ಸಂಗೀತ ನಡೆಯುತ್ತದೆ. ಇಂಥ ಜಾಗಗಳನ್ನು ಉಳಿಸಲೆಂದೇ ಸಾವಿರಕ್ಕೂ ಹೆಚ್ಚು ಜನ ಷೇರು ಕೊಂಡು ದುಡ್ಡು ಕೂಡಿಸಿದರು. 2023ರಲ್ಲಿ ಅದರಿಂದ ಸ್ನಗ್ ಕಟ್ಟಡವನ್ನೇ ಕೊಂಡರು. ಈಗ ಮಾಲೀಕ ಬದಲಾಗುತ್ತಾನೆ, ಖಾಲಿ ಮಾಡಿಸುತ್ತಾನೆ ಅನ್ನುವ ಭಯವಿಲ್ಲ. ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲಾದರೂ ಸರಿ, ಸ್ವಂತ ಕನ್ನಡ ಹಾಡಿಗೆ ಅಂತ ನೂರು ಜನ ಹಿಡಿಸುವ ಒಂದು ಜಾಗ ಮಾಡಲು ಯಾರಾದರೂ ಹೊರಟರೆ ಪಾಲು ಕೊಡಲು ನಾನು ತಯಾರು. ದಾವಣಗೆರೆಯಲ್ಲಾದರೆ ನನ್ನ ಗೆಳೆಯನೂ ಬರುತ್ತಾನಂತೆ.