ಮಿಸಿಸಿಪ್ಪಿಯಿಂದ ಕಲಿಯಬೇಕಾದ್ದು ಫೇಲು ಮಾಡುವುದನ್ನಲ್ಲ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಒಂದು ಮಗುವಿನ ಮೇಲೆ ವರ್ಷಕ್ಕೆ ಸರಾಸರಿ 15,000 ಡಾಲರಿಗೂ ಮೀರಿ ಖರ್ಚಾಗುತ್ತದೆ. ಇಷ್ಟಿದ್ದೂ 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ನೂರಕ್ಕೆ 40 ಮಕ್ಕಳು ಓದಿನಲ್ಲಿ ‘ಬೇಸಿಕ್’ ಅನ್ನುವ ಕೆಳಗಿನ ಮೆಟ್ಟಿಲನ್ನೂ ಮುಟ್ಟಲಿಲ್ಲ. ಎರಡು ದಶಕಗಳಲ್ಲಿ ಇಷ್ಟು ಕೆಟ್ಟ ಫಲಿತಾಂಶ ಬಂದಿರಲಿಲ್ಲ. ಇದೇ ಪರೀಕ್ಷೆಯಲ್ಲಿ ದೇಶದ ಅತ್ಯಂತ ಬಡ ರಾಜ್ಯಗಳಲ್ಲೊಂದಾದ ಮಿಸಿಸಿಪ್ಪಿ ಒಂಬತ್ತನೇ ಸ್ಥಾನಕ್ಕೆ ಬಂತು. 2013ರಲ್ಲಿ ಅದು 49ನೆಯದಾಗಿತ್ತು.

ಈ ಪರೀಕ್ಷೆಯನ್ನು ಎಲ್ಲರೂ ‘ನೇಪ್’ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ, ಆಯ್ದ ಶಾಲೆಗಳ ಆಯ್ದ ಮಕ್ಕಳಿಗೆ ಮಾತ್ರ ನಡೆಯುತ್ತದೆ. ಯಾವ ಮಗುವಿಗೂ, ಯಾವ ಶಾಲೆಗೂ ಪ್ರತ್ಯೇಕ ಅಂಕ ಕೊಡುವುದಿಲ್ಲ. ಹಾಗಾಗಿ ಇದಕ್ಕೆಂದು ಟ್ಯೂಷನ್ ಕೊಡಿಸುವವರಿಲ್ಲ, ಕಾಪಿ ಹೊಡೆಸುವವರೂ ಇಲ್ಲ. ಇದರ ಅಂಕಿಗಳನ್ನು ನಂಬಬಹುದು ಎನ್ನುವುದು ಇದಕ್ಕೇ. ಆದರೆ ಒಂದು ಎಚ್ಚರಿಕೆ ಬೇಕು. ‘ಪ್ರೊಫಿಷಿಯೆಂಟ್’ ಮಟ್ಟ ಮುಟ್ಟಿದವರು 31 ಪ್ರತಿಶತ ಎಂದು ಕಂಡ ಕೂಡಲೇ ‘ಮೂರರಲ್ಲಿ ಇಬ್ಬರಿಗೆ ಓದಲು ಬರುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಆ ಮಟ್ಟ ತರಗತಿಗೆ ತಕ್ಕ ಓದಿಗಿಂತ ಮೇಲಿನದು. ಚಿಂತೆ ಮಾಡಬೇಕಾದ್ದು ಬೇಸಿಕ್‌ಗಿಂತ ಕೆಳಗಿರುವ ಆ ನಲವತ್ತು ಮಕ್ಕಳ ಬಗ್ಗೆ.

ಮಿಸಿಸಿಪ್ಪಿಯ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ‘ಮೂರನೇ ಕ್ಲಾಸಿನಲ್ಲಿ ಓದಲು ಬಾರದವರನ್ನು ಫೇಲು ಮಾಡಿದರು, ಸುಧಾರಿಸಿತು’ ಎಂಬ ಒಂದೇ ಸಾಲಿನ ಕಥೆ ಹಬ್ಬಿದೆ. ಇಲ್ಲಿ ಅಮೆರಿಕದಲ್ಲಿರುವ ಕನ್ನಡಿಗರೂ ಊರಿನ ಬಂಧುಗಳ ಜೊತೆ ಶಾಲೆಯ ಮಾತು ಬಂದಾಗ ಅದನ್ನೇ ಹೇಳುತ್ತಾರೆ. ಅದು ಅರ್ಧ ಸತ್ಯ, ಅದರಲ್ಲೂ ಕೆಲಸಕ್ಕೆ ಬಾರದ ಅರ್ಧ.

ಮೊದಲು ಕೆಟ್ಟದ್ದು ಎಲ್ಲಿ ಎಂದು ನೋಡಬೇಕು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಬಂದರೆ ಬರೆದದ್ದನ್ನು ಓದಬಹುದು. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ. ಓ-ಯು-ಜಿ-ಎಚ್ ಎಂಬ ನಾಲ್ಕೇ ಅಕ್ಷರ ‘ಟಫ್’ನಲ್ಲಿ ಒಂದು ಥರ, ‘ಥ್ರೂ’ನಲ್ಲಿ ಇನ್ನೊಂದು ಥರ, ‘ದೋ’ದಲ್ಲಿ ಮತ್ತೊಂದು ಥರ. ಇಂಥ ಲಿಪಿಯನ್ನು ಧ್ವನಿ ಧ್ವನಿಯಾಗಿ ಕಲಿಸುವುದು ಕಷ್ಟ, ಮಕ್ಕಳು ಅರ್ಥದ ಸುಳಿವು ಹಿಡಿದು ಪದವನ್ನು ಊಹಿಸುತ್ತಲೇ ಓದು ಕಲಿಯುತ್ತಾರೆ ಎಂದು 1967ರಲ್ಲಿ ಕೆನ್ ಗುಡ್‌ಮನ್ ಎಂಬ ವಿದ್ವಾಂಸರು ವಾದಿಸಿದರು. ಆ ವಾದ ದಶಕಗಳ ಕಾಲ ಶಿಕ್ಷಕರ ಕಾಲೇಜುಗಳಲ್ಲಿ, ಪಠ್ಯ ಮಾರುವ ಕಂಪನಿಗಳಲ್ಲಿ ಬೇರೂರಿತು.

ತರಗತಿಯಲ್ಲಿ ಅದು ನಡೆಯುವ ಬಗೆ ಹೀಗೆ. ಪುಟದ ಮೇಲೆ ಕುದುರೆಯ ಚಿತ್ರ, ಕೆಳಗೆ ‘ದ ಹಾರ್ಸ್ ರ‍್ಯಾನ್’ ಎಂಬ ಸಾಲು. ಮಗು ‘ದ ಪೋನಿ ರ‍್ಯಾನ್’ ಎಂದು ಓದುತ್ತದೆ. ಟೀಚರು ತಪ್ಪನ್ನು ಗುರುತು ಹಾಕಿಕೊಳ್ಳುತ್ತಾರೆ, ಆದರೆ ಅದರ ಪಕ್ಕದಲ್ಲಿ ‘ಎಮ್’, ಅಂದರೆ ‘ಮೀನಿಂಗ್’, ಎಂದು ಬರೆಯುತ್ತಾರೆ. ಮಗು ಅರ್ಥದ ಸುಳಿವು ಬಳಸಿದೆ, ಒಳ್ಳೆಯದೇ ಎಂಬ ಲೆಕ್ಕ. ತಡವರಿಸಿದರೆ ‘ಚಿತ್ರ ನೋಡು, ಮೊದಲಕ್ಷರ ನೋಡು, ಇಲ್ಲಿ ಯಾವ ಪದ ಕೂತೀತು ಯೋಚಿಸು’ ಎನ್ನುತ್ತಾರೆ. ಒಂದು, ಎರಡನೇ ತರಗತಿಯಲ್ಲಿ ಈ ಮಗು ಚೆನ್ನಾಗಿಯೇ ಓದುವಂತೆ ಕಾಣುತ್ತದೆ. ಮೂರನೇ ತರಗತಿಗೆ ಬರುವ ಹೊತ್ತಿಗೆ ಚಿತ್ರಗಳು ಸಣ್ಣದಾಗಿ, ಪದಗಳು ಉದ್ದವಾಗುತ್ತವೆ. ‘ಫೋಟೋಸಿಂಥಸಿಸ್’ ಎಂಬುದನ್ನು ಯಾವ ಚಿತ್ರ ನೋಡಿ ಊಹಿಸುವುದು? ಅಲ್ಲಿಗೆ ಓದು ನಿಲ್ಲುತ್ತದೆ, ವಿಜ್ಞಾನವೂ ಸಮಾಜವೂ ಜೊತೆಗೇ ನಿಲ್ಲುತ್ತವೆ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸೂಚನೆಯಂತೆ ಕೂತ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಐದು ಅಂಶಗಳನ್ನು ಸ್ಪಷ್ಟವಾಗಿ ಹೇಳಿತು: ಧ್ವನಿಗಳನ್ನು ಬಿಡಿಸಿ ಕೇಳುವುದು, ಧ್ವನಿಗೂ ಅಕ್ಷರಕ್ಕೂ ಇರುವ ನಂಟು, ನಿರರ್ಗಳತೆ, ಪದಸಂಪತ್ತು, ಅರ್ಥಗ್ರಹಣ. ಸಮಿತಿ ಹೇಳಿತೆಂದು ತರಗತಿ ಬದಲಾಗಲಿಲ್ಲ. ನಮ್ಮಲ್ಲಿ ಇಲಾಖೆಯ ಒಂದು ಸುತ್ತೋಲೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ದಿನ ಮುಟ್ಟುತ್ತದೆ. ಅಮೆರಿಕದಲ್ಲಿ ಸುಮಾರು 13,000 ಶಾಲಾ ಡಿಸ್ಟ್ರಿಕ್ಟುಗಳಿವೆ, ಅಂದರೆ ಸ್ಥಳೀಯವಾಗಿ ಶಾಲೆ ನಡೆಸುವ ಘಟಕಗಳು, ಬಹುಪಾಲು ಕಡೆ ಚುನಾಯಿತ ಮಂಡಳಿಯೇ ಪಠ್ಯಕ್ರಮ ಆರಿಸುತ್ತದೆ. ವಾಷಿಂಗ್ಟನ್ ಕೊಡುವ ಹಣ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು. 2002ರಲ್ಲಿ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು 2014ರ ಹೊತ್ತಿಗೆ ಎಲ್ಲ ಮಕ್ಕಳೂ ಗುರಿ ಮುಟ್ಟಬೇಕು ಎಂದಿತು. ರಾಜ್ಯಗಳು ತಂತಮ್ಮ ಪರೀಕ್ಷೆಯನ್ನು ತಾವೇ ಮಾಡುತ್ತಿದ್ದವು, ಗುರಿ ಹತ್ತಿರವಾಗಲೆಂದು ಹಲವು ರಾಜ್ಯಗಳು ಪಾಸಿನ ಅಂಕವನ್ನೇ ಇಳಿಸಿಕೊಂಡವು. 2015ರಲ್ಲಿ ಆ ಕಾನೂನಿನ ಬದಲು ಇನ್ನೊಂದು ಬಂತು.

ಮಿಸಿಸಿಪ್ಪಿ 2013ರಲ್ಲಿ ತಂದ ಕಾನೂನಿನಲ್ಲಿ ಮೂರನೇ ತರಗತಿಯ ಪರೀಕ್ಷೆ ಇತ್ತು, ನಿಜ. ಅದರಲ್ಲಿ ಪಾಸಾಗದ ಮಗುವಿಗೆ ಮತ್ತೆ ಎರಡು ಅವಕಾಶ, ಆಮೇಲೂ ಆಗದಿದ್ದರೆ ಅದೇ ತರಗತಿ. ಅಂಗವೈಕಲ್ಯ ಇರುವವರಿಗೆ, ಇಂಗ್ಲಿಷಿಗೆ ಹೊಸಬರಿಗೆ ವಿನಾಯಿತಿ ಉಂಟು. ಆದರೆ ಆ ಪರೀಕ್ಷೆ ಸರಪಳಿಯ ಕೊನೆಯ ಕೊಂಡಿ. ಉಳಿದ ಕೊಂಡಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊದಲನೆಯದು, ಕಿಂಡರ್‌ಗಾರ್ಟನ್‌ನಿಂದ ಮೂರನೇ ತರಗತಿಯವರೆಗೆ ಪ್ರತಿ ಮಗುವಿನ ಓದನ್ನು ವರ್ಷಕ್ಕೆ ಮೂರು ಸಲ ನೋಡುವುದು. ಇದು ಗಂಟೆಗಟ್ಟಲೆ ಕೂರಿಸಿ ಬರೆಸುವ ಪರೀಕ್ಷೆಯಲ್ಲ. ಇಂಥ ತಪಾಸಣೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಒಂದೊಂದು ನಿಮಿಷದ ಪುಟ್ಟ ಪುಟ್ಟ ಭಾಗಗಳು. ಒಂದರಲ್ಲಿ ‘ಮಿಪ್’, ‘ಫೆಗ್’ ಥರದ ಅರ್ಥವೇ ಇಲ್ಲದ ಪದಗಳನ್ನು ಓದಿಸುತ್ತಾರೆ. ಅರ್ಥವಿಲ್ಲದ ಪದ ಯಾಕೆ ಎಂದು ಪಾಲಕರು ಸಿಟ್ಟಾಗುವುದುಂಟು. ಬಾಯಿಪಾಠ ಮಾಡಿದ ಮಗುವೂ ಊಹಿಸಿ ಓದುವ ಮಗುವೂ ಅಲ್ಲಿ ಸಿಕ್ಕಿಬೀಳುತ್ತವೆ, ಅದಕ್ಕೇ. ಹಿಂದುಳಿದ ಮಗುವಿಗೆ ತನ್ನದೇ ಓದಿನ ಯೋಜನೆ, ಮನೆಗೆ ಲಿಖಿತ ಪತ್ರ. ಅಂದರೆ ಮೂರನೇ ತರಗತಿಯ ಕೊನೆಯಲ್ಲಿ ಯಾರಿಗೂ ಆಶ್ಚರ್ಯ ಆಗಬಾರದು.

ಎರಡನೆಯದು ಶಿಕ್ಷಕರ ಕಲಿಕೆ. ಓದು ಮಿದುಳಿನಲ್ಲಿ ಹೇಗೆ ಕೂರುತ್ತದೆ, ಧ್ವನಿ ಬಿಡಿಸುವುದು ಹೇಗೆ ಎಂಬ ತರಬೇತಿಯನ್ನು ಎರಡು ವರ್ಷಕ್ಕೆ ಹಂಚಿ ಕೊಟ್ಟರು. 2016ರಿಂದ ಪ್ರಾಥಮಿಕ ಶಾಲೆಗೆ ಹೊಸದಾಗಿ ಬರುವ ಶಿಕ್ಷಕರು ಓದು ಕಲಿಸುವ ವಿಷಯದ ಪರೀಕ್ಷೆಯನ್ನೇ ಪಾಸಾಗಬೇಕು.

ಮೂರನೆಯದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಅತ್ಯಂತ ಹಿಂದುಳಿದ ಶಾಲೆಗಳಿಗೆ ರಾಜ್ಯ ಶಿಕ್ಷಣ ಇಲಾಖೆ ‘ಲಿಟರಸಿ ಕೋಚ್’ಗಳನ್ನು ಕಳಿಸಿತು. ಅವರನ್ನು ಆರಿಸಿದ್ದು, ತರಬೇತಿ ಕೊಟ್ಟಿದ್ದು ಇಲಾಖೆಯೇ, ಸ್ಥಳೀಯ ಡಿಸ್ಟ್ರಿಕ್ಟ್ ಅಲ್ಲ. ಕೋಚ್ ಬಂದರೆ ಶಿಕ್ಷಕಿಯ ಮೇಲೆ ವರದಿ ಬರೆಯುವುದಿಲ್ಲ, ಬಡ್ತಿಗೂ ಅವರಿಗೂ ಸಂಬಂಧ ಇಲ್ಲ. ಪಾಠ ಮಾಡಿ ತೋರಿಸುತ್ತಾರೆ, ಜೊತೆಗೆ ನಿಂತು ಮಾಡುತ್ತಾರೆ, ಮುಂದಿನ ವಾರ ಮತ್ತೆ ಬಂದು ಶಿಕ್ಷಕಿ ಮಾಡುವುದನ್ನು ನೋಡುತ್ತಾರೆ. ಎರಡು ದಿನದ ಕಾರ್ಯಾಗಾರದಲ್ಲಿ ಕೇಳಿದ್ದು ಮೂರನೇ ದಿನಕ್ಕೆ ಹಾರಿಹೋಗುತ್ತದೆ. ಪಕ್ಕದಲ್ಲಿ ನಿಂತು ತಿದ್ದಿದ್ದು ಕೈಗೆ ಹತ್ತುತ್ತದೆ. ಇದಕ್ಕೆಲ್ಲ ರಾಜ್ಯ ಮಾಡಿದ ಖರ್ಚು ವರ್ಷಕ್ಕೆ ಸುಮಾರು 1.5 ಕೋಟಿ ಡಾಲರ್. ಒಂದು ರಾಜ್ಯಕ್ಕೆ ಅದು ಸಣ್ಣ ಮೊತ್ತ. 2013ರಿಂದ 2022ರವರೆಗೆ ಕ್ಯಾರಿ ರೈಟ್ ಎಂಬ ಒಬ್ಬರೇ ರಾಜ್ಯದ ಶಿಕ್ಷಣ ಮುಖ್ಯಸ್ಥೆಯಾಗಿದ್ದರು. ಆ ಒಂಬತ್ತು ವರ್ಷಗಳ ನಿರಂತರತೆಗೂ ದೊಡ್ಡ ಬೆಲೆ ಇದೆ.

ಪರೀಕ್ಷೆಯ ಬಾಗಿಲು ಒಂದೇ ಸಾಕಾಗಿದ್ದರೆ ಮಿಷಿಗನ್ನೂ ಗೆಲ್ಲಬೇಕಿತ್ತು. ಅಲ್ಲಿ 2016ರಲ್ಲಿ ಮೂರನೇ ತರಗತಿಯಲ್ಲಿ ತಡೆಹಿಡಿಯುವ ಕಾನೂನು ಬಂತು. ಪಾಲಕರು ಕೇಳಿದರೆ ವಿನಾಯಿತಿ ಸಿಗುತ್ತಿತ್ತು, ಹಾಗಾಗಿ ಕೇಳಲು ತಿಳಿದವರ ಮಕ್ಕಳು ಮುಂದೆ ಹೋದರು. 2023ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಅತ್ತ ಲೂಸಿಯಾನ ಶಿಕ್ಷಕರ ತರಬೇತಿ, ತಪಾಸಣೆ, ಒಳ್ಳೆಯ ಪಠ್ಯ ಈ ಮೂರರ ಬೆನ್ನು ಹತ್ತಿ 2024ರ ನಾಲ್ಕನೇ ತರಗತಿಯ ಓದಿನಲ್ಲಿ ಕೋವಿಡ್‌ಗೆ ಮುಂಚಿನ ಮಟ್ಟವನ್ನೂ ದಾಟಿತು.

ಮಿಸಿಸಿಪ್ಪಿಯ ಏರಿಕೆ ಬರೀ ದಡ್ಡರನ್ನು ಹಿಂದಿಟ್ಟು ಗಳಿಸಿದ್ದು ಎನ್ನುವವರೂ ಇದ್ದಾರೆ. ಹಿಂದುಳಿದ ಮಗು ಒಂದು ವರ್ಷ ತಡವಾಗಿಯಾದರೂ ನಾಲ್ಕನೇ ತರಗತಿಗೆ ಬಂದೇ ಬರುತ್ತದೆ, ಹತ್ತು ವರ್ಷ ಸತತವಾಗಿ ಆ ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾಗಿದೆ. ಎಂಟನೇ ತರಗತಿಯಲ್ಲಿ ಮಿಸಿಸಿಪ್ಪಿ ಇಂದಿಗೂ ದೇಶದ ಸರಾಸರಿಗಿಂತ ಕೆಳಗಿದೆ. ಅಕ್ಷರ ಬಿಡಿಸಿ ಓದುವುದು ಬಂದರೂ ಪದಸಂಪತ್ತು, ಲೋಕಜ್ಞಾನ ಇಲ್ಲದೆ ಅರ್ಥ ಆಗುವುದಿಲ್ಲ. ಈಗ ಉತ್ಸಾಹದಲ್ಲಿ ಹಲವು ಡಿಸ್ಟ್ರಿಕ್ಟುಗಳು ಇಡೀ ಬೆಳಗನ್ನು ಧ್ವನಿಪಾಠಕ್ಕೇ ಕೊಡುತ್ತಿವೆ. ದಿನಕ್ಕೆ 20ರಿಂದ 30 ನಿಮಿಷ ಕ್ರಮವಾಗಿ ಮಾಡಿದರೆ ಬಹುಪಾಲು ಮಕ್ಕಳಿಗೆ ಸಾಕು. ಉಳಿದ ಹೊತ್ತು ಗಟ್ಟಿಯಾಗಿ ಓದಿ ಹೇಳುವುದಕ್ಕೆ, ಮಾತಿಗೆ, ಬರಹಕ್ಕೆ ಇರಲಿ.

ಇನ್ನು ನಮ್ಮ ಕಡೆಗೆ ಬರೋಣ. ಕರ್ನಾಟಕ ಈ ವಿಷಯದಲ್ಲಿ ಬರಿಗೈಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಸರ್ಕಾರಿ ಮೇಷ್ಟ್ರುಗಳೇ ಯುನಿಸೆಫ್ ನೆರವಿನಿಂದ ನಲಿಕಲಿ ಎಂಬ ಕಲಿಕೆಯ ಪದ್ಧತಿ ಶುರುಮಾಡಿದರು. ಅದರಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಎಂಬ ಸಾಲಿನಲ್ಲಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ ಎಂದು ನಿಜವಾದ ಪದಗಳನ್ನು ಓದುತ್ತದೆ. ಇಂಗ್ಲಿಷಿನ ಹಲವು ಧ್ವನಿಪಾಠಗಳು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಶುರುವಾಗುವುದೂ ಇದೇ ಕಾರಣಕ್ಕೆ: ಸ್ಯಾಟ್, ಪಿನ್, ಟ್ಯಾಪ್ ಕೂಡಲೇ ಸಿಗುತ್ತವೆ. ನಮ್ಮ ಮೇಷ್ಟ್ರುಗಳು ಇದನ್ನು ಮೂವತ್ತು ವರ್ಷದ ಹಿಂದೆಯೇ ಕಂಡುಕೊಂಡಿದ್ದರು ಎಂಬುದನ್ನು ಹೆಮ್ಮೆಯಿಂದ ಹೇಳಬೇಕು.

ತೊಂದರೆ ಇರುವುದು ಮುಂದೆ. ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಐದು ಗುಂಪಾಗಿ ಕೂತಿರುತ್ತಾರೆ, ಶಿಕ್ಷಕರು ಒಬ್ಬರು. ಕಾರ್ಡು, ಕಲಿಕೆಯ ಏಣಿ, ಗೋಡೆಯ ಮೇಲಿನ ಪ್ರಗತಿ ನೋಟ ಎಲ್ಲ ಸರಿಯಾಗಿದ್ದರೂ, ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಿವಿಗೊಟ್ಟು ಕೇಳಲು ಹೊತ್ತು ಸಿಗುವುದಿಲ್ಲ. ಕನ್ನಡದ ಮಗು ಸಿಕ್ಕಿಕೊಳ್ಳುವುದು ಬಹುತೇಕ ಒತ್ತಕ್ಷರದಲ್ಲಿ. ‘ಅಪ್ಪ’, ‘ಅಣ್ಣ’ ಸಲೀಸಾಗಿ ಬರುತ್ತವೆ, ಒತ್ತು ಅದೇ ಅಕ್ಷರದ್ದು. ‘ಪುಸ್ತಕ’, ‘ಆತ್ಮ’, ‘ವಿದ್ಯೆ’ ಬಂದಾಗ ನಿಲ್ಲುತ್ತದೆ. ತ, ಮ, ಯಗಳ ಒತ್ತು ಮೂಲಾಕ್ಷರದ ಹಾಗೆ ಕಾಣುವುದೇ ಇಲ್ಲ, ಮೇಲಾಗಿ ಎರಡು ಬೇರೆ ವ್ಯಂಜನಗಳನ್ನು ಒಂದೇ ಉಸಿರಿನಲ್ಲಿ ಸೇರಿಸಬೇಕು. ಅರ್ಕಾವತ್ತಿನಲ್ಲಂತೂ ಮೊದಲು ಉಚ್ಚರಿಸುವುದನ್ನು ಆಮೇಲೆ ಬರೆದಿರುತ್ತದೆ. ತಿಳಿದವರು ಒಂದು ನಿಮಿಷ ಓದಿಸಿದರೆ ಈ ಗಂಟು ಎಲ್ಲಿದೆ ಎಂದು ಗೊತ್ತಾಗುತ್ತದೆ, ಆ ಮಗುವಿಗೆ ಬೇಕಾದ್ದು ಇಡೀ ಪಠ್ಯದ ಪುನರಾವರ್ತನೆಯಲ್ಲ, ಆ ಮೂರು ಒತ್ತುಗಳ ಅಭ್ಯಾಸ.

ಅಂಥ ತಿಳಿದವರ ಹುದ್ದೆ ನಮ್ಮಲ್ಲಿ ಆಗಲೇ ಇದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಹೆಸರಿಗೆ ಅವರು ಮಿಸಿಸಿಪ್ಪಿಯ ಕೋಚ್ ಮಾಡುವ ಕೆಲಸಕ್ಕೇ ನೇಮಕವಾದವರು. ಆದರೆ ಅವರ ದಿನ ಹೋಗುವುದು ಮಾಹಿತಿ ಸಂಗ್ರಹಕ್ಕೆ, ಬಿಇಒ ಕಚೇರಿಯ ಸಭೆಗೆ, ಬಿಸಿಯೂಟ, ಸಮವಸ್ತ್ರ, ಆನ್‌ಲೈನ್ ನಮೂದುಗಳ ಲೆಕ್ಕಕ್ಕೆ. ಇದರ ಬಗ್ಗೆ ಮಾತಾಡುವುದು ಬಿಟ್ಟು ನಾವು ಪರೀಕ್ಷೆಯ ಬಗ್ಗೆ ಜಗಳ ಆಡಿದೆವು. 2022–23ರಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು, ಮರುವರ್ಷ 9 ಮತ್ತು 11ಕ್ಕೂ ಹಬ್ಬಿತು, ಹೈಕೋರ್ಟು ಸುತ್ತಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. ಎರಡನೇ ತರಗತಿಯಲ್ಲಿ ಒತ್ತಕ್ಷರದಲ್ಲಿ ನಿಂತ ಮಗುವನ್ನು ಐದನೇ ತರಗತಿಯ ಪ್ರಶ್ನೆಪತ್ರಿಕೆ ಕಂಡುಹಿಡಿಯುವಾಗ ಮೂರು ವರ್ಷ ಕಳೆದಿರುತ್ತದೆ. ಪರೀಕ್ಷೆ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಸಿಆರ್‌ಪಿಯನ್ನು ಲೆಕ್ಕದ ಕೆಲಸದಿಂದ ಬಿಡಿಸಿ, ಓದು ಕಲಿಸುವ ವಿದ್ಯೆಯಲ್ಲೇ ಪಳಗಿಸಿ, ವಾರದಲ್ಲಿ ನಾಲ್ಕು ದಿನ ನಲಿಕಲಿ ಕೋಣೆಯ ನೆಲದ ಮೇಲೆ ಕೂರಿಸಬೇಕು. ಲೆಕ್ಕಕ್ಕೆ ಬೇರೆ ಗುಮಾಸ್ತರನ್ನು ಕೊಡಿ.

ಅಮೆರಿಕದ ಕನ್ನಡಿಗರಿಗೆ ಇನ್ನೊಂದು ಮಾತು. ನಾವು ಶಾಲೆಯ ರೇಟಿಂಗ್ ನೋಡಿ ಮನೆ ಕೊಳ್ಳುತ್ತೇವೆ. ನಾಲ್ಕು ವರ್ಷಕ್ಕೇ ಮಗುವಿಗೆ ಮನೆಯಲ್ಲಿ ಅಕ್ಷರ ತಿದ್ದಿಸುತ್ತೇವೆ, ಸಾಲದಿದ್ದರೆ ಕುಮಾನ್ ಎಂಬ ಟ್ಯೂಷನ್ನಿಗೆ ಹಾಕುತ್ತೇವೆ. ಶಾಲೆ ಊಹೆ ಕಲಿಸುತ್ತಿದ್ದರೂ ನಮ್ಮ ಮಕ್ಕಳು ಓದಿಬಿಡುತ್ತಾರೆ, ಆ ಅಂಕ ಸೇರಿ ಶಾಲೆಯ ರೇಟಿಂಗ್ ಮತ್ತೆ ಏರುತ್ತದೆ. ಅದೇ ತರಗತಿಯಲ್ಲಿ ಎರಡು ಕಡೆ ದುಡಿಯುವ ತಾಯಿಯ ಮಗು ಚಿತ್ರ ನೋಡಿಕೊಂಡೇ ಕೂತಿರುತ್ತದೆ. ಅದು ನಮಗೆ ಸಂಬಂಧಿಸಿದ್ದಲ್ಲ ಎಂದು ಕೂರುವುದು ಸರಿಯಲ್ಲ, ಆ ಶಾಲೆ ನಮ್ಮದೂ ಹೌದು.

ಮಾಡಬಹುದಾದ್ದು ಇದೆ. ಕಿಂಡರ್‌ಗಾರ್ಟನ್ ಶುರುವಾದ ಮೊದಲ ತಿಂಗಳಲ್ಲೇ ಟೀಚರನ್ನು ಕೇಳಿ: ಧ್ವನಿಪಾಠಕ್ಕೆ ಯಾವ ಪಠ್ಯಕ್ರಮ, ಯಾವ ಕ್ರಮದಲ್ಲಿ? ಮಗು ಪದದ ಮುಂದೆ ನಿಂತರೆ ಏನು ಹೇಳುತ್ತೀರಿ? ‘ಚಿತ್ರ ನೋಡು ಅನ್ನುತ್ತೇವೆ’ ಎಂದರೆ ಹಳೆಯ ಪದ್ಧತಿ ಇನ್ನೂ ಇದೆ ಎಂದರ್ಥ. ತಪಾಸಣೆಯ ಫಲಿತಾಂಶವನ್ನು ಕಾಗದದಲ್ಲಿ ಕೇಳಿ ಪಡೆಯಿರಿ. ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕಿನ ಅನುಮಾನ ಇದ್ದರೆ ಬಾಯಿಮಾತಿನಲ್ಲಿ ಬಿಡದೆ, ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕೆಂದು ತಾರೀಖು ಹಾಕಿ ಇಮೇಲ್ ಕಳಿಸಿ. ನೀವು ಒಪ್ಪಿಗೆ ಸಹಿ ಮಾಡಿದ ಮೇಲೆ ರಾಜ್ಯ ಬೇರೆ ಗಡುವು ಇಟ್ಟಿರದಿದ್ದರೆ 60 ದಿನದೊಳಗೆ ಅದು ಮುಗಿಯಬೇಕು.

ಶಾಲಾ ಮಂಡಳಿಗೆ ಮತ ಹಾಕಲು ಸಾಮಾನ್ಯವಾಗಿ ಪೌರತ್ವ ಬೇಕು, ಸಭೆಯಲ್ಲಿ ಮಾತಾಡಲು ಎಚ್-1ಬಿ ವೀಸಾ ಇದ್ದವರಿಗೂ ಅಡ್ಡಿಯಿಲ್ಲ. ಹೆಸರು ಬರೆಸಿದರೆ ಎರಡೋ ಮೂರೋ ನಿಮಿಷ ಕೊಡುತ್ತಾರೆ. ಕೋವಿಡ್ ಪರಿಹಾರವಾಗಿ ಶಾಲೆಗಳಿಗೆ ಬಂದ ಸುಮಾರು 19,000 ಕೋಟಿ ಡಾಲರ್‌ನ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು, ಅದರಿಂದ ನೇಮಿಸಿಕೊಂಡ ಓದಿನ ಕೋಚ್‌ಗಳನ್ನು ಬಜೆಟ್ ಬಂದಾಗ ಮೊದಲು ಕೈಬಿಡುವ ಡಿಸ್ಟ್ರಿಕ್ಟುಗಳಿವೆ. ಬಜೆಟ್ ಸಭೆಗಳು ಬಹುಪಾಲು ಕಡೆ ವಸಂತದಲ್ಲಿ ನಡೆಯುತ್ತವೆ. ಆ ಎರಡು ನಿಮಿಷದಲ್ಲಿ ಕೇಳಬೇಕಾದ್ದು ಇಷ್ಟು: ಮೂರನೇ ತರಗತಿಯೊಳಗಿನ ಮಕ್ಕಳಿಗೆ ನಮ್ಮ ಡಿಸ್ಟ್ರಿಕ್ಟಿನಲ್ಲಿ ಎಷ್ಟು ಓದಿನ ಕೋಚ್‌ಗಳಿದ್ದಾರೆ, ಅವರಲ್ಲಿ ಎಷ್ಟು ಜನರ ಸಂಬಳ ಮುಂದಿನ ವರ್ಷದ ಬಜೆಟ್ಟಿನಲ್ಲಿದೆ?