ಮುಗಿಯದ ಕೆಲಸಕ್ಕೆ ಜನ ಬೇಕಾಗಿದ್ದಾರೆ

ಹತ್ತನೇ, ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂತೆಂದರೆ ಮುಂಬೈಯ ಕನ್ನಡ ಸಂಘಗಳಿಗೆ ಪ್ರತಿಭಾ ಪುರಸ್ಕಾರದ ಸೀಸನ್. ಮಕ್ಕಳಿಗೆ ಒಂದು ಲಕೋಟೆ, ಒಂದು ಮೊಮೆಂಟೊ, ಆಮೇಲೆ ಅತಿಥಿಗಳ ಭಾಷಣ. ಮಾಟುಂಗದಲ್ಲಿ ಕೇಳಿ, ಡೊಂಬಿವಲಿಯಲ್ಲಿ ಕೇಳಿ, ಭಾಷಣ ಒಂದೇ. "ಮಕ್ಕಳೇ, ಭದ್ರವಾದ ನೌಕರಿ ಹಿಡಿಯಿರಿ. ಒಮ್ಮೆ ಸೇರಿದರೆ ರಿಟೈರ್ ಆಗುವ ತನಕ ನಿಮ್ಮನ್ನು ಯಾರೂ ಅಲ್ಲಾಡಿಸಬಾರದು." ಅಪ್ಪಂದಿರು ತಲೆ ಆಡಿಸುತ್ತಾರೆ. ಮಕ್ಕಳು ಮೊಬೈಲ್ ಆಡಿಸುತ್ತಾರೆ.

ಸುಮ್ನೆ ಒಂದು ಸಲ ವೇದಿಕೆಯ ಮೇಲೆ ಯಾರು ಕೂತಿದ್ದಾರೆ ಅಂತ ನೋಡಿ. ಸಾಮಾನ್ಯವಾಗಿ ಮೊದಲ ಕುರ್ಚಿಯಲ್ಲಿ ಪರೇಲದ ಬಟ್ಟೆ ಮಿಲ್ಲಿನಲ್ಲಿ ದುಡಿದ ಒಬ್ಬ ಹಿರಿಯರು ಇರುತ್ತಾರೆ. ಆ ಕಾಲಕ್ಕೆ ಮಿಲ್ ಅಂದರೆ ಬಂಡೆ. ಅಪ್ಪ ಬಿಟ್ಟ ಜಾಗಕ್ಕೆ ಮಗ ಸೇರುತ್ತಿದ್ದ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಕರೆಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರವನ್ನು ಇವತ್ತಿಗೂ ಯಾರೂ ಅಧಿಕೃತವಾಗಿ ಹಿಂದಕ್ಕೆ ಪಡೆದಿಲ್ಲ ಅನ್ನುತ್ತಾರೆ. ಹಾಗೆ ನೋಡಿದರೆ ಈ ಅಜ್ಜ ಈಗಲೂ ಮುಷ್ಕರದಲ್ಲೇ ಇದ್ದಾರೆ. ಮಿಲ್ ಮಾತ್ರ ಅಷ್ಟು ದಿನ ಕಾಯಲಿಲ್ಲ. ಲೋವರ್ ಪರೇಲದಲ್ಲಿ ಫೀನಿಕ್ಸ್ ಮಿಲ್ ಇದ್ದ ಕಡೆ ಈಗ ಮಾಲ್ ಇದೆ. ಮೊಮ್ಮಗ ಅಲ್ಲಿ ಒಂದು ಕಾಫಿಗೆ ಅಜ್ಜನ ಎಷ್ಟೋ ದಿನದ ಪಗಾರ ಕೊಟ್ಟು ಬರುತ್ತಾನೆ.

ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನವರು. ಬ್ಯಾಂಕಿನವರು. ನಮ್ಮ ಕರಾವಳಿ ಕಡೆ ಬ್ಯಾಂಕ್ ಅಂದರೆ ದೇವಸ್ಥಾನಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಹುಡುಗ ಬ್ಯಾಂಕಿನಲ್ಲಿದ್ದಾನೆ ಅಂದರೆ ಜಾತಕ ಬಿಚ್ಚುವ ಮೊದಲೇ ಅರ್ಧ ಮದುವೆ ಮುಗಿದ ಹಾಗೆ. 2019ರ ಏಪ್ರಿಲ್ 1ಕ್ಕೆ ವಿಜಯಾ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಎರಡು ಸಲವೂ ಅದೇ ತಾರೀಕು. ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ ಗೊತ್ತಿಲ್ಲ. ಹಾಗಂತ ನೌಕರರನ್ನು ಯಾರೂ ಮನೆಗೆ ಕಳಿಸಲಿಲ್ಲ. ನೌಕರಿ ಉಳಿಯಿತು, ಬ್ಯಾಂಕೇ ಹೋಯಿತು. ಇಂಥ ಭದ್ರತೆ ಬೇರೆ ಯಾವ ದೇಶದಲ್ಲಿದೆ ಹೇಳಿ.

ಮೂರನೆಯವರು ಟೆಲಿಫೋನಿನವರು. ಒಂದು ಕಾಲದಲ್ಲಿ ಮನೆಗೆ ಫೋನ್ ಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು. ಆಗ ಲೈನ್‌ಮನ್ ಬಂದರೆ ಮಾವ ಬಂದಷ್ಟು ಉಪಚಾರ. ಚಾ ಮಾತ್ರ ಕೊಟ್ಟರೆ ಡಯಲ್ ಟೋನ್ ಬರುತ್ತಿರಲಿಲ್ಲ, ಜೊತೆಗೆ ಚಕ್ಕುಲಿಯೂ ಬೇಕಿತ್ತು. 2019ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. 2020ರ ಜನವರಿ 31ಕ್ಕೆ ಎಂಟಿಎನ್‌ಎಲ್, ಬಿಎಸ್‌ಎನ್‌ಎಲ್ ಎರಡೂ ಸೇರಿ 92,000ಕ್ಕೂ ಹೆಚ್ಚು ಜನ ಒಂದೇ ದಿನ ಮನೆಗೆ ಹೋದರು. ಎಲ್ಲರೂ ಸ್ವಯಂ. ಈ ದೇಶದಲ್ಲಿ ಇಷ್ಟು ಜನ ಒಂದೇ ದಿನ ಒಂದೇ ಮನಸ್ಸಿನಿಂದ ಏನಾದರೂ ಮಾಡಿದ್ದು ನನಗಂತೂ ನೆನಪಿಲ್ಲ.

ಕೊನೆಯ ಕುರ್ಚಿಯಲ್ಲಿ ಪುಣೆಯಿಂದ ಬಂದ ಸಾಫ್ಟ್‌ವೇರ್ ಹುಡುಗ. ಇವನೇ ಮಕ್ಕಳಿಗೆ ಆದರ್ಶ. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯೇ ಸುಮಾರು 12,000 ಜನರನ್ನು ಬಿಡುತ್ತೇನೆ ಅಂದ ಮೇಲೆ ಅವನು ಹಿಂಜವಡಿಯ ಫ್ಲ್ಯಾಟಿನ ಕಂತು ಲೆಕ್ಕ ಹಾಕುತ್ತಾ ಕೂತಿದ್ದಾನೆ. ಭಾಷಣದ ಸರದಿ ಬಂದಾಗ ಚುಟುಕಾಗಿ ಮುಗಿಸಿದ.

ಹಾಗಾದರೆ ಸರ್ಕಾರಿ ನೌಕರಿ? ಸಂವಿಧಾನದ 311ನೇ ವಿಧಿಯ ಕೊಡೆ ಈಗಲೂ ಇದೆ, ಸರಿಯಾದ ವಿಚಾರಣೆ ಇಲ್ಲದೆ ಸಾಹೇಬರನ್ನು ವಜಾ ಮಾಡುವ ಹಾಗಿಲ್ಲ. ಆದರೆ ಕೊಡೆಯ ಕೆಳಗೆ ಜಾಗ ಎಲ್ಲಿದೆ? 2015ರಲ್ಲಿ ಉತ್ತರ ಪ್ರದೇಶದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿ ಬಂದಿದ್ದವು. ಅದರಲ್ಲಿ 255 ಮಂದಿ ಪಿಎಚ್‌ಡಿ ಮಾಡಿದವರು. ಫೈಲ್ ಎತ್ತಿಕೊಡುವವನಿಗೆ ಡಾಕ್ಟರೇಟ್, ಸಹಿ ಹಾಕುವವನಿಗೆ ಡಿಗ್ರಿ. ಮುಂಬೈಯವರು ನಗಬೇಕಾಗಿಲ್ಲ. 2024ರ ಜುಲೈಯಲ್ಲಿ ನಮ್ಮ ಕಲೀನಾದಲ್ಲೇ ಏರ್‌ಪೋರ್ಟಿನ ಲಗೇಜ್ ಎತ್ತುವಂಥ ಕೆಲಸಗಳಿಗೆ ನೇರ ಸಂದರ್ಶನ ಇತ್ತು. ಖಾಲಿ ಇದ್ದದ್ದು ಸುಮಾರು 2,200. ಬಂದ ಸಾವಿರಾರು ಜನರನ್ನು ನೋಡಿ ಅಧಿಕಾರಿಗಳು ಗಾಬರಿಯಾಗಿ, ಬಯೋಡೇಟಾ ಕೊಟ್ಟು ಮನೆಗೆ ಹೋಗಿ ಅಂದರು. ಸೈನ್ಯ ಸೇರೋಣ ಅಂದರೆ 2022ರಿಂದ ಅಗ್ನಿವೀರರಿಗೆ ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಜನರಿಗೆ ಮಾತ್ರ ಜಾಗ. ಗಡಿ ಕಾಯುವವನಿಗೂ ಕಾಂಟ್ರಾಕ್ಟ್ ಆದ ಮೇಲೆ ಗೇಟ್ ಕಾಯುವ ವಾಚ್‌ಮನ್ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಇಷ್ಟು ನೋಡಿದ ಮೇಲೂ ಅದೇ ಭಾಷಣ ಮಾಡುವವರಿಗೆ ನಾನು ಒಂದು ಸಲಹೆ ಕೊಡಬೇಕು. ನೀವು ಮಕ್ಕಳಿಗೆ ತಪ್ಪು ಲೈನ್ ತೋರಿಸುತ್ತಿದ್ದೀರಿ. ಬಟ್ಟೆ ನೇಯುವುದು, ಲೆಕ್ಕ ಬರೆಯುವುದು, ಫೋನ್ ಜೋಡಿಸುವುದು, ಕೋಡ್ ಬರೆಯುವುದು, ಇವೆಲ್ಲ ಮುಗಿಯುವ ಕೆಲಸಗಳು. ಮುಗಿದ ಮೇಲೆ ನಿಮ್ಮನ್ನು ಯಾಕೆ ಇಟ್ಟುಕೊಳ್ಳಬೇಕು? ಭದ್ರತೆ ಬೇಕಾದರೆ ಮುಗಿಯದ ಕೆಲಸಕ್ಕೆ ಸೇರಬೇಕು. ಅಂಥವು ನಮ್ಮ ಕಣ್ಣೆದುರೇ ಇವೆ.

ಪುಣೆಯ ಸದಾಶಿವ ಪೇಟೆಗೆ ಹೋಗಿ. ಗಲ್ಲಿ ಗಲ್ಲಿಗೆ 'ಅಭ್ಯಾಸಿಕಾ' ಅಂತ ಬೋರ್ಡ್, ಅಂದರೆ ಓದುವ ಕೋಣೆ. ಒಳಗೆ ಸಾಲಾಗಿ ಪ್ಲೈವುಡ್ ಗೂಡುಗಳು. ಒಂದೊಂದರಲ್ಲಿ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಎದುರಿಗೆ ಅಂಟಿಸಿದ ಟೈಮ್‌ಟೇಬಲ್, ಅದರ ಕೆಳಗೆ ಹೋದ ವರ್ಷದ ಟೈಮ್‌ಟೇಬಲ್, ಅದರ ಕೆಳಗೂ ಏನೋ ಇದೆ, ಕೀಳಲು ಹೋಗಬೇಡಿ. ಅಕ್ಕಲಕೋಟೆ, ಜತ್ ಕಡೆಯ ನಮ್ಮ ಕನ್ನಡದ ಹುಡುಗರೂ ಅಲ್ಲಿ ಸಿಗುತ್ತಾರೆ. ತಿಂಗಳ ಬಾಡಿಗೆ ಕೊಟ್ಟು ಆ ಕುರ್ಚಿಯಲ್ಲಿ ಕೂತು ಎಂಪಿಎಸ್‌ಸಿಗೆ, ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ, ಓದುತ್ತಾರೆ. ಜಾಹೀರಾತು ಬರುತ್ತದೆ, ಪರೀಕ್ಷೆ ಮುಂದೆ ಹೋಗುತ್ತದೆ, ಪರೀಕ್ಷೆ ಆಗುತ್ತದೆ, ರಿಸಲ್ಟ್ ಮುಂದೆ ಹೋಗುತ್ತದೆ. ಊರಲ್ಲಿ "ಏನ್ ಮಾಡಾಕತ್ತೀಯಪ್ಪಾ?" ಅಂದರೆ "ಎಂಪಿಎಸ್‌ಸಿ ಮಾಡಾಕತ್ತೀನಿ ಕಾಕಾ" ಅಂತಾರೆ. ಕಾಕಾಗೂ ಸಮಾಧಾನ. ಮನೆಯಿಂದ ತಿಂಗಳು ತಿಂಗಳು ದುಡ್ಡು ಬರುತ್ತದೆ, ಯಾರೂ ತೆಗೆದುಹಾಕುವುದಿಲ್ಲ, ವಯಸ್ಸಿನ ಮಿತಿಯೇ ನಿವೃತ್ತಿ. ಇದಕ್ಕಿಂತ ಪಕ್ಕಾ ಪರ್ಮನೆಂಟ್ ಹುದ್ದೆ ಆಯೋಗ ಇನ್ನೂ ಸೃಷ್ಟಿಸಿಲ್ಲ. ಇವರನ್ನು ನಂಬಿಕೊಂಡು ಮೆಸ್ಸಿನವನು, ಚಾ ಅಂಗಡಿಯವನು, ಝೆರಾಕ್ಸಿನವನು, ಕ್ಲಾಸಿನ ಸರ್ ಎಲ್ಲರೂ ಭದ್ರ. ಆ ಸರ್‌ಗಳ ಪೈಕಿ ಕೆಲವರು ಹಿಂದೆ ಇದೇ ಪರೀಕ್ಷೆಯಲ್ಲಿ ಪಾಸಾಗದವರು. ಅದೇ ಅವರ ಅದೃಷ್ಟ.

ಆದರೆ ನನ್ನ ಪ್ರಕಾರ ನಿಜವಾದ ಚಿನ್ನದ ಗಣಿ ಮುಂಬೈ-ಗೋವಾ ಹೆದ್ದಾರಿ. ಊರಿಗೆ ಕಾರಿನಲ್ಲಿ ಹೋಗುವ ಪ್ರತಿ ಮುಂಬೈ ಕನ್ನಡಿಗನಿಗೂ ಅದು ಸೊಂಟದ ಮಟ್ಟಿಗೆ ಪರಿಚಿತ. ಅಗಲ ಮಾಡುವ ಕೆಲಸ 2011ರಲ್ಲಿ ಶುರುವಾಯಿತು. 2025ರ ಡಿಸೆಂಬರ್ ಬಂದರೂ ಪೂರ್ತಿ ಆಗಿರಲಿಲ್ಲ. ನಡುವೆ ಎಷ್ಟು ಗಡುವು ಬಂದು ಹೋದವೋ, ಗಡುವು ಕೊಡುವುದೇ ಒಂದು ಪೂರ್ಣಾವಧಿ ಕೆಲಸ. ಗಣೇಶ ಚೌತಿ ಹತ್ತಿರ ಬಂದರೆ ಮಂತ್ರಿಗಳು 'ಪಾಹಣಿ ದೌರಾ', ಅಂದರೆ ತಪಾಸಣೆಯ ಪ್ರವಾಸ, ಹೊರಡುತ್ತಾರೆ. ಇಳಿದು ಗುಂಡಿ ನೋಡುತ್ತಾರೆ, ಇಂಜಿನಿಯರಿಗೆ ಬೈಯುತ್ತಾರೆ, ಟಿವಿಯವರು ತೆಗೆದುಕೊಳ್ಳುತ್ತಾರೆ. ಹಬ್ಬಕ್ಕೆ ತೇಪೆ ಬೀಳುತ್ತದೆ. ಮುಂದಿನ ಜೋರು ಮಳೆಗೆ ಗುಂಡಿ ವಾಪಸ್ ಡ್ಯೂಟಿಗೆ ಹಾಜರ್. 2023ರ ಅಕ್ಟೋಬರ್‌ನಲ್ಲಿ ಚಿಪ್ಳೂಣದಲ್ಲಿ ಕಟ್ಟುತ್ತಿದ್ದ ಫ್ಲೈಓವರಿನ ಒಂದು ಭಾಗವೇ ಕುಸಿಯಿತು. ಕಟ್ಟಿದ್ದು ಕಟ್ಟುವಾಗಲೇ ಬಿದ್ದರೆ ಮತ್ತೆ ಕಟ್ಟಬೇಕಲ್ವಾ? ಡಬಲ್ ಭದ್ರತೆ.

ಆ ರಸ್ತೆಯಲ್ಲಿ ಡೈವರ್ಶನ್ ಇರುವ ಕಡೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಿತ್ತಳೆ ಬಣ್ಣದ ಜಾಕೆಟ್, ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದು ಕೈಯಲ್ಲಿ ತಂಬಾಕಿನ ಪುಡಿಕೆ. ಹಿಂದೆ 'ಕಾಮ್ ಚಾಲೂ ಆಹೇ' (ಕೆಲಸ ನಡೆಯುತ್ತಿದೆ) ಅನ್ನುವ ತಗಡಿನ ಬೋರ್ಡ್, ಕಾಲು ತುಕ್ಕು ಹಿಡಿದು ಒಂದು ಕಡೆ ವಾಲಿದೆ, ಅದಕ್ಕೆ ಬಳ್ಳಿ ಹಬ್ಬಿದೆ. ಸುತ್ತ ಯಾವ ಕೆಲಸವೂ ನಡೆಯುತ್ತಿಲ್ಲ. ಬಾವುಟ ಮಾತ್ರ ಚಾಲೂ.

ಕೆಲಸ ಮುಗಿಸಿದವರ ಪಾಡು ಏನಾಯಿತು ನೋಡಿ. ಅದೇ ಘಟ್ಟ, ಅದೇ ಮಳೆ, ಅದೇ ಜೇಡಿಮಣ್ಣಿನಲ್ಲಿ ಕೊಂಕಣ ರೈಲ್ವೆ ಹಾಕಿದರು. ಸುಮಾರು 740 ಕಿಲೋಮೀಟರ್, 90ಕ್ಕೂ ಹೆಚ್ಚು ಸುರಂಗ. 1990ರಲ್ಲಿ ನಿಗಮ ಮಾಡಿ 1998ರ ಜನವರಿ 26ಕ್ಕೆ ಪೂರ್ತಿ ಲೈನ್ ತೆರೆದುಬಿಟ್ಟರು. ಪರಿಣಾಮ? ಅದನ್ನು ಕಟ್ಟಿಸಿದ ಇಂಜಿನಿಯರ್ ಇ. ಶ್ರೀಧರನ್ ಅವರು ಬೇರೆ ಕೆಲಸಕ್ಕೆ ದೆಹಲಿ ಮೆಟ್ರೊಗೆ ಹೋಗಬೇಕಾಯಿತು. ಅಲ್ಲೂ ಸುಮ್ಮನಿರದೆ ಮುಗಿಸಿದರು. ಇಂಥವರನ್ನು ಮಕ್ಕಳಿಗೆ ಆದರ್ಶ ಅಂತ ತೋರಿಸುತ್ತೇವೆ, ಆಮೇಲೆ ನಿರುದ್ಯೋಗ ಜಾಸ್ತಿ ಆಯಿತು ಅಂತ ಅಳುತ್ತೇವೆ.

ಬೇಕೆಂದರೆ ಹೆದ್ದಾರಿಯವರಿಗೂ ಮುಗಿಸಲು ಬರುತ್ತದೆ ಅನ್ನುವುದು ಇನ್ನೊಂದು ಕಹಿ ವಿಷಯ. 2016ರ ಆಗಸ್ಟ್‌ನಲ್ಲಿ ಮಹಾಡದ ಹತ್ತಿರ ಸಾವಿತ್ರಿ ನದಿಯ ಹಳೇ ಸೇತುವೆ ರಾತ್ರಿ ಕೊಚ್ಚಿಹೋಯಿತು. ಬಸ್ಸಿನಲ್ಲಿದ್ದವರು ನೀರುಪಾಲಾದರು. ಒಂದು ವರ್ಷದೊಳಗೆ ಹೊಸ ಸೇತುವೆ ನಿಂತಿತು. ಜನ ಸತ್ತಾಗ ಕೆಲಸ ಮುಗಿಯುತ್ತದೆ, ಬದುಕಿರುವಾಗ ಚಾಲೂ ಇರುತ್ತದೆ. ಇದನ್ನು ಬರೆಯುವಾಗ ನನಗೆ ನಗು ಬರಲಿಲ್ಲ.

ಹೆದ್ದಾರಿಗಿಂತಲೂ ಗಟ್ಟಿಯಾದದ್ದು ಬೇಕು ಅನ್ನುವವರಿಗೆ ಕರ್ನಾಟಕ-ಮಹಾರಾಷ್ಟ್ರದ ಬೆಳಗಾವಿ ಗಡಿ ವಿವಾದ ಇದೆ. 1966ರಲ್ಲಿ ಮಹಾಜನ ಆಯೋಗ, 1967ರಲ್ಲಿ ವರದಿ. ಒಪ್ಪುವುದಿಲ್ಲ ಅಂದಿತು ಮಹಾರಾಷ್ಟ್ರ. 2004ರಲ್ಲಿ ಸುಪ್ರೀಂ ಕೋರ್ಟಿಗೆ ದಾವೆ. 2022ರಲ್ಲಿ ಇದಕ್ಕೆಂದೇ ಇಬ್ಬರು ಮಂತ್ರಿಗಳನ್ನು ನೇಮಿಸಿದರು. ನಮ್ಮವರೇನೂ ಕಡಿಮೆ ಇಲ್ಲ, ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧವನ್ನೇ ಎಬ್ಬಿಸಿದರು. ಚಳಿಗಾಲದ ಅಧಿವೇಶನಕ್ಕೆ ಅಲ್ಲಿಗೆ ಹೋಗಿ ಬರುವ ಕೆಲಸ ಸೇರಿಕೊಂಡಿತು. ಎರಡೂ ಕಡೆ ಹೋರಾಟಗಾರರು, ಫ್ಲೆಕ್ಸ್ ಅಂಗಡಿಯವರು, ಚಾನೆಲ್ ಆಂಕರುಗಳು, ಬಸ್ಸಿಗೆ ಮಸಿ ಬಳಿಯುವವರು, ಬಳಿದ ಮಸಿ ತೊಳೆಯುವವರು. ಎರಡೂ ರಾಜ್ಯಕ್ಕೆ ಸಮಾನವಾಗಿ ಉದ್ಯೋಗ ಕೊಡುವ ಯೋಜನೆ ಇದೊಂದೇ. ಮಸಿ ಹತ್ತಿದ ಬಸ್ಸನ್ನು ಓಡಿಸಿಕೊಂಡು ಬರುವ ಡ್ರೈವರನ ಮೈಮೇಲೆ ಮಾತ್ರ ಭದ್ರತೆ ಇಲ್ಲ.

ಹಾಗಾಗಿ ಮನೆಯಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ ಮಗಳೋ ಮಗನೋ ಇದ್ದರೆ ಐದು ವರ್ಷದ ಲಾ ಕೋರ್ಸಿಗೆ ಸೇರಿಸಿ. ದಾವೆ ಹೂಡಿದ ವರ್ಷ ಆ ಮಗು ಹುಟ್ಟಿಯೇ ಇರಲಿಲ್ಲ, ಪರವಾಗಿಲ್ಲ. ನಿಧಾನವಾಗಿ ಓದಲಿ, ಒಂದೆರಡು ಸೆಮಿಸ್ಟರ್ ಫೇಲಾದರೂ ಬೈಯಬೇಡಿ. ಅಷ್ಟರಲ್ಲಿ ಕೇಸು ಮುಗಿದುಹೋದೀತು ಅನ್ನುವ ಭಯ ಬೇಡ. ಮರಾಠಿ, ಕನ್ನಡ ಎರಡೂ ಬರುವ ಮುಂಬೈ ಮಗು, ಯಾವ ಕಡೆಯ ವಕೀಲರಾದರೂ ಜೂನಿಯರ್ ಆಗಿ ತೆಗೆದುಕೊಳ್ಳುತ್ತಾರೆ.