ಹೆಲಿಕಾಪ್ಟರ್ ಬಂದ ಮೇಲೆ ಏನಾಯಿತು?

ನಿನ್ನೆ ರಾತ್ರಿ ಒಂದೂವರೆಯವರೆಗೆ ಎದ್ದಿದ್ದು ಒಂದು ಕಾದಂಬರಿ ಓದಿ ಮುಗಿಸಿದೆ. ಅಳು ಬಂತು. ಸೆರಗು ಒದ್ದೆಯಾಗುವಷ್ಟು ಬಂತು. ಬೆಳಿಗ್ಗೆ ಎದ್ದರೆ ಅದೇ ಪುಸ್ತಕದ ಮೇಲೆ ಎಲ್ಲಿಲ್ಲದ ಸಿಟ್ಟು. ಎರಡು ಲೋಟ ಕಾಫಿ ಇಳಿದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ಅಣ್ಣನ ಮಗಳದ್ದು. ಅವಳ ವಯಸ್ಸಿನವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿ. 2011ರ ಮಾರ್ಚ್ 11ರಂದು ಜಪಾನಿನಲ್ಲಿ 9 ತೀವ್ರತೆಯ ಭೂಕಂಪವಾಗಿ ಸುನಾಮಿ ಬಂತಲ್ಲ, ಆ ಕಥೆ. ಹದಿನಾರರ ಹುಡುಗಿ, ಶಾಲೆಯ ತಾರಸಿಯ ಮೇಲೆ ಹಿಮ ಬೀಳುವ ಒಂದು ರಾತ್ರಿ, ಕೈ ತಪ್ಪಿಹೋದ ಅಜ್ಜ. ಬೆಳಗಾಗುತ್ತದೆ, ಹೆಲಿಕಾಪ್ಟರ್ ಬರುತ್ತದೆ, ಅಪ್ಪ ಸಿಗುತ್ತಾನೆ, ಹುಡುಗಿಗೆ ಬದುಕಿನ ಅರ್ಥ ತಿಳಿಯುತ್ತದೆ. ಮುಗಿಯಿತು! ಮುಂದಿನ ಪುಟದಲ್ಲಿ ಲೇಖಕಿ ಯಾರಿಗೆಲ್ಲ ಋಣಿ ಎಂಬ ಪಟ್ಟಿ.

ನಮ್ಮ ಮನೆ, ತೋಟ ಇದ್ದದ್ದು ಕೊಡಗಿನ ಮಕ್ಕಂದೂರಿನ ಆಚೆ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಮತ್ತೆ ಹೇಳುವ ತಾಳ್ಮೆ ನನಗಿಲ್ಲ. 2018ರ ಆಗಸ್ಟ್, ಗುಡ್ಡಗಳು ಕುಸಿದ ತಿಂಗಳು ಎಂದರೆ ಸಾಕು.

ಒಂದು ಕಡೆ ಮಾತ್ರ ಲೇಖಕಿಗೆ ಕೈ ಮುಗಿಯಬೇಕು. ನೀರು ನುಗ್ಗುವ ಮೊದಲು ಸಮುದ್ರ ಹಿಂದೆ ಸರಿಯುತ್ತದೆ. ಆ ಮೌನ ಕೇಳಿ ಅಜ್ಜನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಆ ಸಾಲಿನಲ್ಲಿ ನನ್ನ ಮೈ ತಣ್ಣಗಾಯಿತು. ಎಷ್ಟೋ ದಿನಗಳಿಂದ ಹಗಲೂ ರಾತ್ರಿ ಅಬ್ಬರಿಸುತ್ತಿದ್ದ ನಮ್ಮ ಮನೆಯ ಕೆಳಗಿನ ತೋಡು ಆ ಬೆಳಿಗ್ಗೆ ಇದ್ದಕ್ಕಿದ್ದಂತೆ ಸುಮ್ಮನಾಗಿತ್ತು. ಮೇಲೆಲ್ಲೋ ಗುಡ್ಡದ ಬರೆ ಕುಸಿದು ನೀರಿಗೆ ಅಡ್ಡ ಬಿದ್ದಿದೆ ಎಂದು ಮೊದಲು ಹೇಳಿದವಳು ಅವ್ವ. ಉಟ್ಟ ಬಟ್ಟೆಯಲ್ಲೇ ಹೊರಟೆವು. ಎದುರಿನ ದಿಣ್ಣೆಯಿಂದ ತಿರುಗಿ ನೋಡಿದರೆ ತೋಟ ನಡೆದು ಬರುತ್ತಿತ್ತು. ಸುಳ್ಳಲ್ಲ. ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳು, ನೆಟ್ಟಗೆ ನಿಂತುಕೊಂಡೇ ಕೆಳಗಿಳಿದು ಬಂದವು.

ನಮಗೂ ಸೈನಿಕರು ಬಂದರು, ನಾವೂ ಗಂಜಿ ಕೇಂದ್ರ ಸೇರಿದೆವು. ಕಾದಂಬರಿಯ ಲೆಕ್ಕದಲ್ಲಿ ನಮ್ಮ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ನಮ್ಮದು ಶುರುವಾದದ್ದೇ ಅಲ್ಲಿಂದ.

ಆರು ತಿಂಗಳ ನಂತರ ಒಂದು ಕಚೇರಿಯಲ್ಲಿ ಒಬ್ಬ ಮಹಾಶಯರು ನನ್ನನ್ನು ಕೇಳಿದರು: ‘ತೋಟ ಮೊದಲು ಹೇಗಿತ್ತು ಎನ್ನುವುದಕ್ಕೆ ಫೋಟೋ ಇದೆಯೇ?’ ಸ್ವಾಮಿ, ಮುಂದೊಂದು ದಿನ ಹೊಳೆಗೆ ಹೋಗಲಿದೆ ಎಂದು ಯಾರಾದರೂ ತೋಟದ ಫೋಟೋ ತೆಗೆದಿಡುತ್ತಾರೆಯೇ? ಪಹಣಿಯಲ್ಲಿ ಆ ಜಾಗ ಇವತ್ತಿಗೂ ಅಣ್ಣನ ಹೆಸರಿನಲ್ಲಿದೆ, ಕಾಫಿ ತೋಟವೆಂದೇ ಇದೆ. ಅಲ್ಲಿರುವುದು ಕಲ್ಲು. ಸಾಲಕ್ಕೆ ಮಾತ್ರ ಕುಸಿತವಿಲ್ಲ, ಅದು ಬಂಡೆಯ ಮೇಲೆ ಕಟ್ಟಿದ ಮನೆ. ಕಾದಂಬರಿಯ ಹುಡುಗಿ ಸೂರ್ಯೋದಯ ನೋಡುತ್ತಾ ನಿಂತಾಗ ಅವಳ ಅಪ್ಪ ಯಾವ ಅರ್ಜಿಯ ನಾಲ್ಕನೆಯ ಪ್ರತಿಗೆ ಸಹಿ ಹಾಕುತ್ತಿದ್ದ? ಅದನ್ನು ಬರೆಯಿರಿ, ಆಗ ಅಳುತ್ತೇನೆ.

ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ, ಕರ್ಣಂಗೇರಿಯಲ್ಲಿ ಸಾಲು ಮನೆಗಳಾದವು, ನಿಜ. ಆದರೆ ನಮ್ಮ ಆಗಸ್ಟ್ ಮುಗಿಯಲಿಲ್ಲ. 2019ರಲ್ಲಿ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬೆಟ್ಟ. ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ನೆಟ್ಟ ಒಂದು ಕಲ್ಲಿದೆ. ಇದರ ಕೆಳಗೆ ಮನೆ ಕಟ್ಟಬೇಡಿ ಎಂದು ಕೊರೆದಿದ್ದಾರೆ. ಜನ ಆ ಮಾತು ಉಳಿಸಿಕೊಂಡರು, 2011ರಲ್ಲಿ ನೀರು ಕಲ್ಲನ್ನು ಮುಟ್ಟಲಿಲ್ಲ. ನಮ್ಮಲ್ಲಿಯೂ ಬರೆಯ ಅಂಚಿನಲ್ಲಿ ಫಲಕ ನೆಡುತ್ತಾರೆ. ಹೋಂ ಸ್ಟೇ, ಕಣಿವೆಯ ನೋಟ ಲಭ್ಯ ಎಂದು!

‘ಮಕ್ಕಳ ಪುಸ್ತಕ ಮಾರಾಯ್ತಿ, ಕೊನೆಯಲ್ಲಿ ಸ್ವಲ್ಪ ಭರವಸೆ ಬೇಡವೇ’ ಎಂದು ಗೆಳತಿಯೊಬ್ಬಳು ಬೆಳಿಗ್ಗೆಯೇ ಫೋನಿನಲ್ಲಿ ಬುದ್ಧಿ ಹೇಳಿದಳು. ಬೇಕು, ಯಾರು ಬೇಡವೆಂದರು. ಆದರೆ ಮಕ್ಕಳು ನೀವಂದುಕೊಂಡಷ್ಟು ಸುಲಭದಲ್ಲಿ ಸಮಾಧಾನವಾಗುವವರಲ್ಲ. ಆ ವರ್ಷ ಮೂರನೆಯ ತರಗತಿಯಲ್ಲಿದ್ದ ಅಣ್ಣನ ಮಗಳು ಈಗ ಮೈಸೂರಿನಲ್ಲಿ ಪಿಯುಸಿ ಓದುತ್ತಾಳೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವುದು ಅವಳ ಅಭ್ಯಾಸ. ಇಡೀ ಕಾದಂಬರಿಯಲ್ಲಿ ಅವಳು ಒಂದೇ ಕಡೆ ಬರೆದಿದ್ದಾಳೆ, ಮನೆಯವರೆಲ್ಲ ಗುಡ್ಡದತ್ತ ಓಡುವ ಪುಟದಲ್ಲಿ. ಒಂದೇ ಪದ: ‘ನಾಯಿ?’

ಹೌದು, ಮೊದಲ ಅಧ್ಯಾಯದಲ್ಲಿ ಆ ಮನೆಗೊಂದು ನಾಯಿ ಇತ್ತು. ಆಮೇಲೆ ಅದರ ಸುದ್ದಿಯೇ ಇಲ್ಲ. ನನಗೆ ಗೊತ್ತೇ ಆಗಿರಲಿಲ್ಲ. ಪುಟ ತಿರುವಿ ತಿರುವಿ ಹುಡುಕಿದೆ.

ನಮ್ಮ ಮನೆಯಲ್ಲೂ ಒಂದಿತ್ತು. ಹೊರಡುವಾಗ ಕೊಟ್ಟಿಗೆಗೆ ಓಡಿ ದನಗಳ ಹಗ್ಗ ಬಿಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ, ಹಗ್ಗ ನೆನೆದು ಗಂಟು ಬಿಗಿದಿದ್ದೂ ನೆನಪಿದೆ. ನಾಯಿಯ ಸರಪಳಿ ಬಿಚ್ಚಿದೆನೋ ಇಲ್ಲವೋ, ನೆನಪಿಲ್ಲ. ಗಂಜಿ ಕೇಂದ್ರದಲ್ಲಿ ಹುಡುಗಿ ಕೇಳಿದಾಗ ‘ಬಿಚ್ಚಿದೆ, ಎಲ್ಲಿಗೋ ಓಡಿಹೋಯಿತು’ ಎಂದೆ. ಮತ್ತೆ ಕೇಳಿದಾಗಲೂ ಹಾಗೆಯೇ ಎಂದೆ. ಜಪಾನಿನ ಆ ಕರಾವಳಿಯಲ್ಲಿ ‘ತೆಂಡೆಂಕೊ’ ಎಂಬ ಮಾತಿದೆ: ಸುನಾಮಿ ಬಂದಾಗ ಯಾರಿಗೂ ಕಾಯದೆ ಅವರವರ ಜೀವ ಉಳಿಸಿಕೊಂಡು ಓಡಿ ಎಂದು. ಬದುಕಿದವರು ಆಮೇಲೆ ತಮ್ಮನ್ನು ತಾವು ಹಳಿದುಕೊಳ್ಳದಿರಲಿ ಎಂಬುದೂ ಅದರೊಳಗೆ ಇದೆಯಂತೆ. ಒಳ್ಳೆಯ ಮಾತು. ನಾಯಿಗೆ ಸರಪಳಿ ಹಾಕಿದವರಿಗೆ ಅದು ಅನ್ವಯಿಸುತ್ತದೆಯೋ ಗೊತ್ತಿಲ್ಲ.

ಬೆಳಿಗ್ಗೆ ಮಳೆ ಮಾಪಕ ನೋಡಿದೆ, ಮೂರು ಇಂಚು ನಲವತ್ತು ಸೆಂಟ್ಸ್. ಕಾಗದಪತ್ರದ ಚೀಲ ಬಾಗಿಲ ಹಿಂದೆಯೇ ತೂಗಿದೆ. ಹುಡುಗಿ ಭಾನುವಾರ ಬರುತ್ತಾಳೆ. ಪುಸ್ತಕವನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೇನೆ, ಆ ಪುಟಕ್ಕೆ ಗುರುತು ಹಾಕಿ.